ಒಂದೇ ಹೂವಿಗೆ ಎರಡು ಪ್ರಶ್ನೆ

ಹಾಸನ
೧೪ ಸೆಪ್ಟೆಂಬರ್ ೨೦೨೫, ಭಾನುವಾರ

ನನ್ನ ರೂಪಾ,

ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ನೀನು ಮಕ್ಕಳಿಗೆ ಬಿಸಿಯೂಟ ಬಡಿಸಿ, ಕೈ ತೊಳೆದು, ಕಿಟಕಿಯ ಹತ್ತಿರ ಬಂದು ಕೂತಿರಲಿ ಎಂದು ಆಸೆ. ಅದಕ್ಕೇ ಮನೆಗೆ ಹಾಕದೆ ಹಳೇಕೋಟೆಯ ಶಾಲೆಗೆ ಹಾಕುತ್ತಿದ್ದೇನೆ. ನೀನು ಫೋನು ಎತ್ತಿದ ಕೂಡಲೇ ಹಜಾರದಲ್ಲಿ ಯಾರೋ ಟಿವಿಯ ಸದ್ದು ತಗ್ಗಿಸುತ್ತಾರೆ ಎಂದೆಯಲ್ಲ, ಅವತ್ತು ಇಬ್ಬರೂ ನಕ್ಕಿದ್ದೆವು. ಫೋನು ಇಟ್ಟ ಮೇಲೆ ನನಗೆ ಆ ನಗು ಉಳಿಯಲಿಲ್ಲ.

ಮೊದಲು ನನ್ನ ಸಮಾಚಾರ ಹೇಳಿಬಿಡುತ್ತೇನೆ. ನಿನ್ನ ವಿಷಯಕ್ಕೆ ಬರುವ ದಾರಿ ಅದರಲ್ಲೇ ಇದೆ. ಚನ್ನರಾಯಪಟ್ಟಣದ ನಮ್ಮ ಕಾಲೇಜಿನಲ್ಲಿ ನೀನು ಓದಿದ್ದೆಯಲ್ಲ ಐಚ್ಛಿಕ ಕನ್ನಡ, ಅದಕ್ಕೆ ಈ ವರ್ಷ ಒಬ್ಬರೂ ಸೇರಲಿಲ್ಲ. ಆಡಳಿತ ಮಂಡಳಿಯವರು ನಮ್ಮಂಥ ಅತಿಥಿ ಉಪನ್ಯಾಸಕರನ್ನು ಕರೆದು, ಕಂಪ್ಯೂಟರ್ ಕಲಿತು ಬಂದರೆ ಮೊದಲ ವರ್ಷದವರಿಗೆ ಅದರ ಪಾಠ ಕೊಡುತ್ತೇವೆ ಎಂದರು. "ಕನ್ನಡದೋರಿಗೆ ಇನ್ನೇನು ಕೊಡೋಕಾಗುತ್ತೆ, ನೀವೇ ಹೇಳಿ ಮೇಡಂ" ಎಂದು ನನ್ನನ್ನೇ ಕೇಳಿದರು. ಹಾಗಾಗಿ ನಲವತ್ತೆಂಟನೇ ವಯಸ್ಸಿನಲ್ಲಿ, ಬಸ್ ನಿಲ್ದಾಣದ ಹತ್ತಿರದ ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲೆ, ಪಿಯುಸಿ ಮುಗಿಸಿದ ಮಕ್ಕಳ ಜೊತೆ ಬೆಂಚಿನಲ್ಲಿ ಕೂತು ಭಾನುವಾರ ಭಾನುವಾರ ಪ್ರೋಗ್ರಾಮಿಂಗ್ ಕಲಿಯುತ್ತಿದ್ದೇನೆ. ಮೇಷ್ಟ್ರ ಹೆಸರು ದಿಲೀಪ್. ಒಳ್ಳೆಯವನು. ನನಗೆ ಅರ್ಥವಾಗದಿದ್ದಾಗ ಅವನಿಗೇ ನಾಚಿಕೆಯಾಗುತ್ತದೆ.

ಈ ವಾರದ ಪಾಠ ಹೌದು, ಅಲ್ಲ ಎಂಬುದರದ್ದು. ಕಂಪ್ಯೂಟರಿಗೆ ಯಾವ ಮಾತನ್ನು ಹೇಳಿದರೂ ಅದು ಟ್ರೂ ಆಗಿರಬೇಕು, ಇಲ್ಲವೇ ಫಾಲ್ಸ್ ಆಗಿರಬೇಕು. ಮೂರನೆಯದು ಇಲ್ಲ. ಕವಿತೆ ಓದಿಕೊಂಡು ಬೆಳೆದ ನಮ್ಮಂಥವರು ಹೌದಿಗೂ ಅಲ್ಲಕ್ಕೂ ನಡುವೆ ಇರುವ ಜಾಗದಲ್ಲೇ ಮನೆ ಮಾಡಿಕೊಂಡವರು. ಅಲ್ಲಿಂದ ಎಬ್ಬಿಸಿದ ಹಾಗಾಯಿತು. ಎರಡು ಮಾತನ್ನು ಸೇರಿಸುವುದಕ್ಕೆ ಆಂಡ್, ಆರ್ ಎಂದು ಎರಡು ಕೊಂಡಿ ಇವೆ. ದಿಲೀಪ್ ಹೇಳಿಕೊಟ್ಟ ರೀತಿ ಕೇಳು: "ಆಂಡ್ ಅನ್ನೋಳು ಸ್ಟ್ರಿಕ್ಟ್ ಅತ್ತೆ. ಹುಡುಗಿ ಓದಿರಬೇಕು ಆಂಡ್ ಅಡುಗೆ ಬರಬೇಕು. ಒಂದಿಲ್ಲ ಅಂದ್ರೂ ಬೇಡ. ಆರ್ ಅನ್ನೋನು ನಲವತ್ತು ದಾಟಿದ ಗಂಡು. ಓದಿದ್ರೂ ಸರಿ, ಅಡುಗೆ ಬಂದ್ರೂ ಸರಿ." ಹಿಂದಿನ ಬೆಂಚಿನ ಹುಡುಗಿ ಎದ್ದು "ಸಾ, ನಾಟ್ ಯಾರು ಸಾ?" ಅಂದಳು. "ನಾಟ್ ನಮ್ಮಪ್ಪ. ಏನ್ ಹೇಳಿದ್ರೂ ಉಲ್ಟಾ" ಎಂದ. ಕ್ಲಾಸೆಲ್ಲ ನಕ್ಕಿತು, ನಾನೂ ನಕ್ಕೆ.

ಆಮೇಲೆ ಅವನು ಬೋರ್ಡಿನ ಮೇಲೆ ಎರಡು ಮಾತು ಬರೆದು, ನಡುವೆ ಆಂಡ್ ಹಾಕಿ, ಕೊನೆಯಲ್ಲಿ ಫಾಲ್ಸ್ ಎಂದು ಬರೆದ. "ಎರಡೂ ಸೇರಿ ಫಾಲ್ಸ್ ಬಂದಿದೆ. ಹಾಗಾದ್ರೆ ಮೊದಲನೇ ಮಾತು ಏನು?" ಎಂದು ಕೇಳಿದ. ಎಲ್ಲರೂ ಒಟ್ಟಿಗೆ "ಫಾಲ್ಸ್" ಎಂದು ಕೂಗಿದೆವು. ಅವನು ತಲೆ ಅಲ್ಲಾಡಿಸಿ, "ತಪ್ಪು. ಗೊತ್ತಿಲ್ಲ ಅನ್ನಬೇಕು. ಎರಡರಲ್ಲಿ ಯಾವುದೋ ಒಂದು ಕೆಟ್ಟಿದೆ ಅನ್ನೋದಷ್ಟೇ ಗೊತ್ತು, ಯಾವುದು ಕೆಟ್ಟಿದೆ ಅಂತ ಗೊತ್ತಿಲ್ಲ" ಎಂದ.

ರೂಪಾ, ನನಗೆ ಆ ಕ್ಷಣ ನಿಮ್ಮೂರ ಅಮ್ಮನ ಗುಡಿ ಕಣ್ಣ ಮುಂದೆ ಬಂತು. ಆಮೇಲಿನ ಪಾಠ ಒಂದಕ್ಷರವೂ ಕಿವಿಗೆ ಬೀಳಲಿಲ್ಲ.

ನೀನು ಫೋನಿನಲ್ಲಿ ಪಿಸುಮಾತಿನಲ್ಲಿ ಹೇಳಿದ್ದನ್ನು ಸರಿಯಾಗಿ ಹಿಡಿದಿದ್ದೇನೋ ಇಲ್ಲವೋ ನೋಡು, ತಪ್ಪಿದ್ದರೆ ತಿದ್ದು. ಅಭಿಷೇಕ್ ತೀರಿಕೊಂಡ ಮೇಲೆ ನಿನ್ನನ್ನು ಮಗಳ ಹಾಗೇ ಇಟ್ಟುಕೊಂಡಿದ್ದಾರೆ ನಿನ್ನ ಅತ್ತೆ ಮಾವ, ಅದರಲ್ಲಿ ಎರಡು ಮಾತಿಲ್ಲ. ನಿನ್ನ ಶಾಲೆಯ ಬೋರ್‌ವೆಲ್ ಮೋಟಾರು ಸರಿಮಾಡಲು ಬರುತ್ತಿದ್ದ ಅರಕಲಗೂಡಿನ ಶಿವರಾಜು ನಿನ್ನನ್ನು ಕೇಳಿದಾಗ, ಬೇಡ ಅನ್ನದೆ ಒಪ್ಪಿದವರೂ ಅವರೇ. ಹೆಂಡತಿ ಇಲ್ಲದ ಮನುಷ್ಯ, ಕೆಟ್ಟ ಚಟ ಇಲ್ಲ. ಮಗು ಯಶಸ್ವಿನಿಯನ್ನೂ ಕರೆದುಕೊಂಡು ಬರುತ್ತೇನೆ ಎಂದು ನೀನು ಹೇಳಿದಾಗ, "ಇನ್ನೊಂದು ತಟ್ಟೆ ಇಡಾದು ತಾನೇ, ಬುಡಿ ಮೇಡಂ" ಎಂದನಂತೆ. ಆ ಮಾತು ಹೇಳುವಾಗ ನಿನ್ನ ದನಿ ಎಷ್ಟೋ ವರ್ಷದ ಹಿಂದೆ ಕ್ಲಾಸಿನಲ್ಲಿ ಪದ್ಯ ಓದುತ್ತಿದ್ದ ಹುಡುಗಿಯ ದನಿಯಾಗಿತ್ತು. ಅಡ್ಡಿ ಬಂದದ್ದು ಮಗುವಿನ ವಿಷಯಕ್ಕೆ. "ನಮ್ ಮಗ ಅಂತೂ ಓಗ್ಬುಟ್ಟ. ಅವುನ್ ಕುಡಿನೂ ಓಗ್ಬುಟ್ರೆ ಈ ಮನೇಲಿ ಯಾರ್ ಮಕ ನೋಡ್ಕಂಡಿರಾದವ್ವ?" ಎಂದರು ನಿನ್ನ ಮಾವ ನಂಜಪ್ಪನವರು. ಅವರ ದುಃಖ ಸುಳ್ಳಲ್ಲ. ಅದೇ ಕಷ್ಟ.

ಶ್ರಾವಣದ ಶುಕ್ರವಾರ ಎಲ್ಲರೂ ಗುಡಿಗೆ ಹೋಗಿ ಹೂ ಕೇಳಿದಿರಿ. ಪೂಜಾರಿ ಅಮ್ಮನ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸಿದ. ಬಲಗಡೆಯದು ಬಿದ್ದರೆ ಆಗಲಿ, ಎಡಗಡೆಯದು ಬಿದ್ದರೆ ಬೇಡ. ನಿನ್ನ ಅತ್ತೆ ಪುಟ್ಟತಾಯಮ್ಮನವರು ಕೈ ಮುಗಿದು ಕೇಳಿದ್ದು ಹೀಗೆ: ರೂಪನ್ನ ಅರಕಲಗೂಡಿಗೆ ಮದುವೆ ಮಾಡಿ ಕೊಟ್ಟು, ಮಗೀನ ನಮ್ಮ ತಾವ ಉಳಿಸ್ಕಳಾದಾ? ಹೂ ಎಡಕ್ಕೆ ಬಿತ್ತು. "ಅಮ್ಮ ಎಡಕ್ಕೆ ಕೊಟ್ಬುಟ್ಳು ಕಣವ್ವ, ಇನ್ನ ಆ ಮದ್ವೆ ಮಾತು ಎತ್ಬ್ಯಾಡ" ಎಂದು ಮನೆಗೆ ಬಂದರು. ನೀನೂ ಹಾಗೇ ತಿಳಿದು ಕಣ್ಣೀರು ಹಾಕಿದೆ. ನಾನೂ ಹಾಗೇ ತಿಳಿದು ಸಮಾಧಾನ ಹೇಳಿದೆ, ಎಮ್ಮೆ ಓದಿದವಳು.

ಈಗ ನೋಡು. ಅವರು ಕೇಳಿದ್ದು ಒಂದು ಪ್ರಶ್ನೆಯಲ್ಲ, ಎರಡು. ನಡುವೆ ಆಂಡ್ ಇದೆ. ಬೇಡ ಎಂದು ಬಂದದ್ದು ಎರಡೂ ಸೇರಿದ್ದಕ್ಕೆ. ಮದುವೆ ಬೇಡ, ಮಗು ಅಲ್ಲೇ ಇರಲಿ ಎಂದು ಅಮ್ಮನ ಮನಸ್ಸಿನಲ್ಲಿ ಇದ್ದಿದ್ದರೂ ಎಡಕ್ಕೇ ಬೀಳುತ್ತಿತ್ತು. ಎರಡೂ ಬೇಡ ಎಂದಿದ್ದರೂ ಎಡಕ್ಕೇ. ಮದುವೆ ಆಗಲಿ, ಆದರೆ ತಾಯಿಯನ್ನೂ ಮಗುವನ್ನೂ ಬೇರೆ ಮಾಡಬೇಡಿ ಎಂದಿದ್ದರೂ ಎಡಕ್ಕೇ ಬೀಳುತ್ತಿತ್ತು, ರೂಪಾ. ಇಷ್ಟರಲ್ಲಿ ಮೊದಲನೆಯದನ್ನು ನಿಮ್ಮ ಮನೆಯವರು ಆರಿಸಿಕೊಂಡರು. ಅಮ್ಮ ಆರಿಸಲಿಲ್ಲ.

ಹೂವು ಒಣಗಿ ಹಗುರಾಗಿ ಬೀಳುತ್ತದೆ ಎಂದು ನಂಬುವವಳು ನಾನು, ನಿನಗೆ ಗೊತ್ತು. ಆದರೆ ನಾನು ಏನು ನಂಬುತ್ತೇನೆ ಎನ್ನುವುದರಿಂದ ನಿನಗೆ ಏನೂ ಆಗಬೇಕಾಗಿಲ್ಲ. ಆ ಮನೆಯಲ್ಲಿ ನಂಜಪ್ಪನವರ ಮಾತನ್ನು ಮೀರಬಲ್ಲದ್ದು ಒಂದೇ, ಆ ಹೂವು. ಅಮ್ಮ ಮಗುವನ್ನು ಕಳಿಸು ಎಂದರೆ ಅವರು ಅಳುತ್ತಲೇ ಕಳಿಸುತ್ತಾರೆ. ಒಂದೇ ಮಾತನ್ನು ಎರಡು ಸಲ ಕೇಳಬಾರದು ಎಂಬ ಕಟ್ಟಳೆ ಇದೆ ಎಂದು ನೀನೇ ಹೇಳಿದ್ದೆ. ಇದು ಅದೇ ಮಾತಲ್ಲ ಎಂದು ಹೇಳು. ಬಿಡಿಸಿ ಕೇಳಿಸು. ಮದುವೆ ಆಗಲಾ ಎಂದು ಒಂದು ಸಲ. ಮಗು ಇಲ್ಲೇ ಇರಲಾ ಎಂದು ಇನ್ನೊಂದು ಸಲ. ಮೊದಲನೆಯದಕ್ಕೆ ಬಲ ಬಂದರೆ ನೀನು ಅರ್ಧ ಗೆದ್ದ ಹಾಗಲ್ಲ, ಪೂರ್ತಿ ಗೆದ್ದ ಹಾಗೆ. ಯಾಕೆಂದರೆ ಎರಡೂ ಸೇರಿ ಬೇಡ ಎಂದು ಆಗಲೇ ಬಂದಿದೆ. ಒಂದು ಸರಿ ಎಂದಾದರೆ ಕೆಟ್ಟದ್ದು ಇನ್ನೊಂದೇ ಆಗಿರಬೇಕು. ಮಗು ಅಲ್ಲಿರುವುದು ಬೇಡ ಎಂದೇ ಅರ್ಥ. ಇದನ್ನು ದಿಲೀಪ್‌ಗೆ, ಊರಿನ ಹೆಸರು ಹೇಳದೆ, ತೋರಿಸಿದೆ. "ಪಕ್ಕಾ ಲಾಜಿಕ್ ಮೇಡಂ, ಯಾರೂ ಮುರಿಯೋಕಾಗಲ್ಲ" ಎಂದ. ಈ ತರಗತಿಗೆ ಸೇರಿದ ಮೇಲೆ ನನಗೆ ಸಿಕ್ಕ ಮೊದಲ ಶಹಬ್ಬಾಸ್‌ಗಿರಿ ಅದು.

ಖುಷಿಗೆ ಒಂದು ಪುಟ್ಟ ಪ್ರೋಗ್ರಾಮನ್ನೂ ಬರೆದೆ. ಇಫ್ ಹೂವು ಬಲಕ್ಕೆ ಬಿದ್ದರೆ ಪರದೆಯ ಮೇಲೆ ಆಗಲಿ ಎಂದು ಬರುತ್ತದೆ. ಎಲ್ಸ್, ಅಂದರೆ ಹಾಗಾಗದಿದ್ದರೆ, ಬೇಡ ಎಂದು ಬರುತ್ತದೆ. ಬಲ ಎಂದು ಒತ್ತಿ ಒತ್ತಿ ನೋಡಿದೆ. ಪ್ರತಿ ಸಲವೂ ಆಗಲಿ ಎಂದೇ ಬಂತು. ಹುಡುಗರು ನನ್ನನ್ನೇ ನೋಡುತ್ತಿದ್ದರು.

ಪಿತೃಪಕ್ಷ ನಡೆಯುತ್ತಿದೆ, ಈಗ ಯಾರೂ ಶುಭದ ಮಾತು ಎತ್ತುವುದಿಲ್ಲ. ದಸರಾ ಕಳೆಯಲಿ, ಒಂದು ಶುಕ್ರವಾರ ನೋಡಿ ಕೇಳಿಸು. ಪುಟ್ಟತಾಯಮ್ಮನವರ ಹತ್ತಿರ ಮೊದಲು ಮಾತಾಡು, ನಿನ್ನ ಮಾವನ ಹತ್ತಿರ ಆಮೇಲೆ. ಯಶುವಿಗೆ ನನ್ನ ಮುತ್ತು. ನಮ್ಮ ಮನೆಯಲ್ಲಿ ಎಲ್ಲವೂ ಮಾಮೂಲು.

ನಿನ್ನ ದಾರಿ ಕಾಯುವ,
ಪ್ರತಿಭಾ

ಮತ್ತೆ ಒಂದು ಮಾತು: ಕಂಪ್ಯೂಟರ್ ಪಾಠವನ್ನು ಹೋದ ಸೋಮವಾರವೇ ಬೇರೊಬ್ಬರಿಗೆ ಕೊಟ್ಟುಬಿಟ್ಟರು. ಹೊಸದಾಗಿ ಬಂದವರು, ಅದನ್ನೇ ಓದಿದವರು. ಅದಾದ ಮೇಲೂ ನಾನು ಇವತ್ತು ಕ್ಲಾಸಿಗೆ ಹೋದೆ. ಮನೆಯಲ್ಲಿ ಇನ್ನೂ ಹೇಳಿಲ್ಲ. ನಿನಗೊಬ್ಬಳಿಗೆ ಬರೆಯುತ್ತಿದ್ದೇನೆ.

*

ಹಳೇಕೋಟೆ
೧೧ ಅಕ್ಟೋಬರ್ ೨೦೨೫, ಶನಿವಾರ

ಮೇಡಂ,

ನಮಸ್ಕಾರ. ಮಕ್ಕಳನ್ನು ಮನೆಗೆ ಬಿಟ್ಟಾಗಿದೆ. ಹೆಡ್‌ಮೇಷ್ಟ್ರು ಬೀಗದ ಕೈ ನನ್ನ ಮೇಜಿನ ಮೇಲಿಟ್ಟು ಹೋದರು. ಯಶು ಹೊರಗೆ ಕಟ್ಟೆಯ ಮೇಲೆ ಕೂತು ಸೀಮೆಸುಣ್ಣದಲ್ಲಿ ಏನೋ ಬರೆಯುತ್ತಿದ್ದಾಳೆ.

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ. ಕೊನೆಯ ಮಾತನ್ನು ಓದಿ ಬೇಜಾರಾಯಿತು. ಅಂಥ ದಿನವೂ ನೀವು ನನ್ನ ವಿಷಯ ಯೋಚನೆ ಮಾಡುತ್ತಾ ಕೂತಿದ್ದಿರಿ. ಮನೆಯಲ್ಲಿ ಹೇಳಿಬಿಡಿ ಮೇಡಂ, ಹೇಳದೆ ಇಟ್ಟುಕೊಂಡದ್ದು ದಿನದಿನಕ್ಕೆ ಭಾರವಾಗುತ್ತದೆ.

ನೀವು ಹೇಳಿದ ಹಾಗೇ ಮಾಡಿದೆ. ಅತ್ತೆ ರಾಗಿ ಹಸನು ಮಾಡುತ್ತಿದ್ದಾಗ ಪಕ್ಕದಲ್ಲಿ ಕೂತು ಬಿಡಿಸಿ ಹೇಳಿದೆ. ಆಂಡ್ ಎಂದೆಲ್ಲ ಹೇಳಲಿಲ್ಲ. ಎರಡು ಹರಕೆಯನ್ನು ಒಂದೇ ಗಂಟಿಗೆ ಕಟ್ಟಿದರೆ ಅಮ್ಮ ಯಾವುದನ್ನು ಬಿಚ್ಚಬೇಕು ಅತ್ತೆ ಎಂದು ಕೇಳಿದೆ. ಅವರು ಮೊರ ಕೆಳಗಿಟ್ಟರು. "ಔದಲ್ವಾ! ನಾನೇ ತಪ್ಪು ಕೇಳ್ಬುಟ್ನೇನೋ" ಎಂದು ಕೆನ್ನೆ ಬಡಿದುಕೊಂಡರು. ಅವತ್ತೇ ಮಾವನಿಗೂ ಹೇಳಿದರು. ಮಾವ, "ಇದೇನ್ ಕೋರ್ಟಾ, ಕೇಸ್ ಬ್ಯಾರೆ ಬ್ಯಾರೆ ಆಕಾಕೆ? ಯಾವ್ ಲಾಯ್ರು ಯೋಳ್ಕೊಟ್ಟ?" ಎಂದು ನನ್ನ ಕಡೆ ನೋಡಿದರು. ಆದರೆ ಬೇಡ ಎನ್ನಲಿಲ್ಲ. ಪೂಜಾರಿಯೂ, ಬಿಡಿಸಿ ಕೇಳುವುದಕ್ಕೆ ಅಡ್ಡಿಯಿಲ್ಲ ಎಂದ. ನನಗೆ ಆಗಲೇ ಗೆದ್ದಷ್ಟು ಖುಷಿಯಾಯಿತು. ಯಶುವಿನ ಬಟ್ಟೆಗಳಲ್ಲಿ ಯಾವುದು ಚಿಕ್ಕದಾಗಿದೆ, ಯಾವುದನ್ನು ತೆಗೆದುಕೊಂಡು ಹೋಗಬೇಕು ಎಂದು ಮನಸ್ಸಿನಲ್ಲೇ ಮಡಿಚಿ ಇಟ್ಟೆ.

ನಿನ್ನೆ ಶುಕ್ರವಾರ ಹೋದೆವು. ಸೇವಂತಿಗೆ ಹೂವು. ಪೂಜಾರಿ ಹೂವನ್ನು ನೀರಿಗೆ ಅದ್ದಿ ಎರಡೂ ಭುಜಕ್ಕೆ ಒತ್ತಿದ. ನನ್ನನ್ನು ಅಮ್ಮನ ಎದುರಿಗೆ ಕೂರಿಸಿದರು, ನನ್ನ ವಿಷಯವಲ್ಲವೇ ಎಂದು. ಅತ್ತೆ ಹಿಂದೆ ನಿಂತು ಗಟ್ಟಿಯಾಗಿ ಕೇಳಿದರು, ನಮ್ಮ ರೂಪಂಗೆ ಅರಕಲಗೂಡಿನ ಸಂಬಂಧ ಆಗ್ಬೋದಾ ತಾಯಿ ಎಂದು. ಮೇಡಂ, ಅವರ ಮಾತು ಮುಗಿದು ಗಂಟೆಯ ಸದ್ದು ಇನ್ನೂ ನಿಂತಿರಲಿಲ್ಲ, ಬಲಗಡೆಯ ಹೂವು ಜಾರಿ ಅಮ್ಮನ ಮಡಿಲಿಗೆ ಬಿತ್ತು. ಅತ್ತೆ ಅತ್ತುಬಿಟ್ಟರು. ನನ್ನ ತಲೆ ನೇವರಿಸಿ, "ನಿನ್ ಬಾಳು ನೆಟ್ಟಗಾಯ್ತು ಬುಡವ್ವ" ಎಂದರು. ಯಶುವಿಗೆ ಏನೂ ಅರ್ಥವಾಗದೆ ಅವಳೂ ಚಪ್ಪಾಳೆ ತಟ್ಟಿದಳು.

ಆಮೇಲೆ ಮತ್ತೆ ಹೂ ಅಂಟಿಸಿ ಎರಡನೆಯದು ಕೇಳಿದರು. ಮಗು ನಮ್ಮನೇಲೇ ಇರ್ಲಾ ತಾಯಿ.

ಕೂತೆವು. ದೀಪಕ್ಕೆ ಎಣ್ಣೆ ಹಾಕಿದರು. ಮತ್ತೆ ಕೂತೆವು. ಮಾವನಿಗೆ ಯಾರದೋ ಫೋನು ಬಂತು, ಹೊರಗೆ ಹೋಗಿ ಮಾತಾಡಿ ಬಂದರು. ಯಶು ನನ್ನ ತೊಡೆಯ ಮೇಲೆ ನಿದ್ದೆ ಹೋದಳು. ಹೂವಿನ ಅಂಚು ಒಣಗಿ ಸುರುಟಿಕೊಂಡದ್ದು ಕಾಣುತ್ತಿತ್ತು, ಆದರೂ ಎರಡೂ ಅಂಟಿದ ಜಾಗದಲ್ಲೇ ಇದ್ದವು. ನೀವು ಹೂವು ಒಣಗಿದರೆ ಬೀಳುತ್ತದೆ ಎನ್ನುತ್ತೀರಿ. ಒಣಗಿದ್ದವು ಮೇಡಂ, ಬೀಳಲಿಲ್ಲ. ಕೊನೆಗೆ ಪೂಜಾರಿ, "ಅಮ್ಮ ಮಾತಾಡ್ತಿಲ್ಲ" ಎಂದು ಆರತಿ ಎತ್ತಿಬಿಟ್ಟ.

ಮಾವ ಎದ್ದು ಪಂಚೆ ಕೊಡವಿಕೊಂಡರು. "ಅಮ್ಮ ಮಾತಾಡ್ದಿದ್ರೆ ಇರಾದು ಇರಾ ಅಂಗೇ ಇರ್ಲಿ ಅಂತ. ಮಗು ಈಗ ಎಲ್ಲದೆ? ನಮ್ಮನೇಲದೆ. ಅಲ್ಲೇ ಇರ್ತದೆ" ಎಂದರು. ನಿಮ್ಮ ಪ್ರೋಗ್ರಾಮಿನಲ್ಲಿ ಬಲಕ್ಕೆ ಬೀಳದಿದ್ದರೆ ಬೇಡ ಎಂದು ಬರುತ್ತಿತ್ತು. ಇಲ್ಲಿ ಬಲಕ್ಕೂ ಬೀಳಲಿಲ್ಲ, ಎಡಕ್ಕೂ ಬೀಳಲಿಲ್ಲ. ಹೂವು ಬೀಳದೇ ಇರಬಹುದು ಎಂದು ನೀವೂ ಯೋಚಿಸಿರಲಿಲ್ಲ, ನಾನೂ ಕೇಳಿರಲಿಲ್ಲ. ನಮ್ಮ ಮನೆಯಲ್ಲಿ ಆ ಎಲ್ಸ್ ಮಾವನ ಕೈಯಲ್ಲಿದೆ.

ನಾನು ಸುಮ್ಮನೆ ಬರಲಿಲ್ಲ ಮೇಡಂ, ನೀವು ತಿಳಿಯಬೇಕು. ಮಲಗಿದ್ದ ಮಗುವನ್ನು ಅತ್ತೆಯ ಕೈಗೆ ಕೊಟ್ಟು ಎದ್ದು ನಿಂತು ಹೇಳಿದೆ. ಶ್ರಾವಣದಲ್ಲಿ ಎರಡೂ ಸೇರಿಸಿ ಕೇಳಿದಾಗ ಅಮ್ಮ ಬೇಡ ಅಂದಳು. ಈಗ ಮದುವೆ ಆಗಲಿ ಅಂದಳು. ಹಾಗಾದರೆ ಅವತ್ತು ಬೇಡ ಅಂದದ್ದು ಮಗು ಇಲ್ಲಿರೋದನ್ನೇ ಅಲ್ವಾ ಎಂದೆ. ಒಂದಕ್ಷರ ತಪ್ಪದೆ ನೀವು ಬರೆದ ಹಾಗೇ ಹೇಳಿದೆ. ಪೂಜಾರಿ ತಟ್ಟೆ ಹಿಡಿದುಕೊಂಡು ಯೋಚನೆ ಮಾಡಿದ. ಆಮೇಲೆ ಅವನು, "ನೋಡವ್ವ, ಆವತ್ತಿನ ಹೂವ ಆವತ್ತಿಗೆ. ಸ್ರಾವಣದ ಹೂವ ತಂದು ಇವತ್ತಿನ ಹೂವಿಗೆ ಕೂಡಾಕೆ ಕಳೆಯಾಕೆ ಆಯ್ತದಾ?" ಎಂದ. ಎಲ್ಲರಿಗೂ ಉಸಿರು ಬಂದ ಹಾಗಾಯಿತು. ಮಾವ ನಕ್ಕು, "ಅಮ್ಮನ್ ತಾವೇ ಲೆಕ್ಕ ಬುಡುಸ್ತಾಳೆ ಕಣ್ಲಾ, ಟೀಚರು" ಎಂದರು. ಆ ನಗುವಿನಲ್ಲಿ ಕೋಪ ಇರಲಿಲ್ಲ. ಕೋಪ ಇದ್ದಿದ್ದರೆ ಜಗಳ ಆಡಬಹುದಿತ್ತು.

ಮಗು ನನ್ನ ಜೊತೆ ಬರಲಾ ಎಂದು ತಿರುಗಿಸಿ ಕೇಳಿ ಎಂದೆ. ಅಮ್ಮ ಮೌನವಾದ ವಿಷಯವನ್ನು ಯುಗಾದಿ ಕಳೆಯುವ ತನಕ ಎತ್ತುವ ಹಾಗಿಲ್ಲವಂತೆ. ಮದುವೆ ಕಾರ್ತೀಕದಲ್ಲಿ.

ಹಾಗಾದರೆ ಮದುವೆಯೇ ಬೇಡ, ಇಲ್ಲೇ ಇರುತ್ತೇನೆ ಎಂದೆ. ದಾರಿಯುದ್ದಕ್ಕೂ ಅಂದೆ. ಅತ್ತೆ ನನ್ನ ಕೈ ಹಿಡಿದು ದಾರಿಯಲ್ಲೇ ನಿಲ್ಲಿಸಿದರು. "ಬಲಕ್ಕೆ ಕೊಟ್ಟಿದ್ದ ಬ್ಯಾಡ ಅನ್ಬ್ಯಾಡ ಕಣವ್ವ, ನಿನ್ ಕಾಲಿಗ್ ಬೀಳ್ತೀನಿ. ಅಮ್ಮನ ಮಾತು ಮೀರಿದ್ರೆ ನಿಂಗ್ ಬರಾಕಿಲ್ಲ, ಮಗೀಗ್ ಬತ್ತದೆ" ಎಂದರು. ಬೇಡ ಅನ್ನುವುದನ್ನು ಅಲ್ಲಿಗೇ ಬಿಟ್ಟೆ. ನೀವಾಗಿದ್ದರೆ ಹೆದರುತ್ತಿರಲಿಲ್ಲ. ನಾನು ಅಭಿಷೇಕ್‌ನ ಕಳೆದುಕೊಂಡವಳು, ಆ ಮಾತು ಕೇಳಿದ ಮೇಲೆ ಯಶು ಕೆಮ್ಮಿದರೂ ಎದ್ದು ಕೂರುತ್ತೇನೆ.

ಇವತ್ತು ಬೆಳಿಗ್ಗೆ ಶಾಲೆಯಿಂದ ಶಿವರಾಜುಗೆ ಫೋನು ಮಾಡಿದೆ. ಅವರಿಗೂ ಬೇಜಾರಾಗಿದೆ. ಆದರೆ ಅವರ ತಾಯಿಯೂ ನಮ್ಮೂರ ಅಮ್ಮನ ಒಕ್ಕಲು. "ಹಿರೀಕರು ಅಮ್ಮನ್ ಮುಂದೆ ತೀರ್ಮಾನ ಮಾಡ್ಬುಟ್ಟವ್ರೆ, ಅದ್ರ ಮೇಲೆ ಮಗೀನ ಎತ್ಕಂಡ್ ಬಂದ್ರೆ ನಮ್ಮವ್ವ ಬಾಗ್ಲು ತೆಗಿಯಾಕಿಲ್ಲ ಮೇಡಂ. ಆಗಾಗ ಬಂದು ನೋಡ್ಕಂಡ್ ಓಗಾನ" ಎಂದರು. ಇನ್ನೂ ಮೇಡಂ ಎಂದೇ ಕರೆಯುತ್ತಾರೆ. ಆಗಾಗ ಎಂದರೆ ಎಷ್ಟು ದಿನಕ್ಕೊಮ್ಮೆ ಎಂದು ಕೇಳಲಿಲ್ಲ.

ಕಾನೂನು ನಿನ್ನ ಕಡೆ ಇದೆ ಎಂದು ನೀವು ಬರೆಯುತ್ತೀರಿ, ಗೊತ್ತು. ಇರಬಹುದು. ಪೊಲೀಸರನ್ನು ಕರೆತಂದು ಮಗುವನ್ನು ಆ ಮುದುಕರ ಕೈಯಿಂದ ಬಿಡಿಸಿಕೊಂಡು ಎಲ್ಲಿಗೆ ಹೋಗಲಿ? ಶಿವರಾಜು ಮನೆಯ ಬಾಗಿಲು ಮುಚ್ಚುತ್ತದೆ. ಚನ್ನರಾಯಪಟ್ಟಣದಲ್ಲಿ ಅಣ್ಣ, "ದೇವ್ರೇ ಕೊಟ್ಟ ಮೇಲೆ ನಿಂದೇನೇ ತಕರಾರು" ಎಂದು ನಿನ್ನೆಯೇ ಹೇಳಿದ. ಅತಿಥಿ ಶಿಕ್ಷಕಿಗೆ ಬರುವ ಸಂಬಳ ನಿಮಗೆ ಗೊತ್ತಿಲ್ಲದ್ದಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಅತ್ತೆ ಮಾವ ಯಶುವನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಕೆಟ್ಟವರ ಕೈಯಿಂದ ಬಿಡಿಸಿಕೊಳ್ಳಬಹುದು.

ಯಶುವಿಗೆ ಅಜ್ಜಿ ಆಗಲೇ ಹೇಳಿಬಿಟ್ಟಿದ್ದಾರೆ. ನಿನ್ನೆ ಮಲಗುವಾಗ, "ಅಮ್ಮ, ನೀನು ಭಾನ್ವಾರ ಬಂದ್ರೆ ಸೋಮ್ವಾರ ಸ್ಕೂಲಿಗೆ ಜಡೆ ಹಾಕ್ಬುಟ್ಟೇ ಹೋಗ್ತೀಯ ಅಲ್ವಾ?" ಎಂದಳು. ಹೂಂ ಎಂದೆ. "ಮಂಗ್ಳವಾರ ಯಾರ್ ಹಾಕ್ತಾರೆ?" ಎಂದಳು. ಅಜ್ಜಿ ಎಂದೆ. "ಅಜ್ಜಿ ಬಿಗಿ ಹಾಕುತ್ತೆ" ಎಂದು ಗೋಡೆಯ ಕಡೆ ತಿರುಗಿದಳು.

ಮೊದಲ ಸಲ ಎಡಗಡೆ ಹೂ ಬಿದ್ದ ಮೇಲೆ ನಾವಿಬ್ಬರೂ ಒಂದೇ ಚಾಪೆಯ ಮೇಲೆ ಮಲಗಿಕೊಂಡೇ ಇದ್ದೆವು ಮೇಡಂ. ಅದೇನು ಕಡಿಮೆಯದಾಗಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ನಿಮ್ಮ ಮೇಲೆ ಇದನ್ನು ಹೊರಿಸುತ್ತಿಲ್ಲ. ನನ್ನ ಮಾತನ್ನು ಅಷ್ಟು ಗಮನ ಕೊಟ್ಟು ಬಿಡಿಸಿ ನೋಡಿದವರು ನನ್ನ ಬದುಕಿನಲ್ಲಿ ನೀವೊಬ್ಬರೇ. ನಿಮ್ಮ ಲೆಕ್ಕ ಎಲ್ಲೂ ತಪ್ಪಿರಲಿಲ್ಲ. ನೀವು ಕ್ಲಾಸಿಗೆ ಹೋಗುವುದನ್ನು ಬಿಡಬೇಡಿ.

ಮದುವೆಗೆ ಬನ್ನಿ ಎಂದು ಕರೆಯುವುದಿಲ್ಲ. ಬಂದರೆ ನಿಮ್ಮ ಮುಖ ನೋಡಿ ಅತ್ತುಬಿಡುತ್ತೇನೆ. ಯಾವತ್ತಾದರೂ ಹೊಳೆನರಸೀಪುರದ ಕಡೆ ಬಂದರೆ, ಹಳೇಕೋಟೆಯ ತನಕ ಬಂದು ಯಶುವನ್ನು ನೋಡಿಕೊಂಡು ಹೋಗಿ. ಹೇಗಿದ್ದಾಳೆ ಎಂದು ನನಗೆ ಬರೆಯಿರಿ. ಉದ್ದಕ್ಕೆ ಬರೆಯಿರಿ.

ನಿಮ್ಮ ವಿದ್ಯಾರ್ಥಿನಿ,
ರೂಪಶ್ರೀ

ಕಾಗದ ಮಡಿಚಿ ಮತ್ತೆ ಬಿಚ್ಚಿದೆ. ಇದನ್ನು ಯಾರಿಗೂ ಹೇಳಿಲ್ಲ, ಹೇಳಿದರೆ ಅಮ್ಮನ ಮುಂದೆ ಮೋಸ ಮಾಡಿದಳು ಎನ್ನುತ್ತಾರೆ, ಆ ಪಾಪವೂ ಮಗುವಿನ ತಲೆಗೇ ಬರುತ್ತದೆ. ಹಿಂದೆ ನಿಂತವರು ಏನೇ ಕೂಗಲಿ, ಅಮ್ಮನ ಎದುರಿಗೆ ಕೂತವರು ಮನಸ್ಸಿನಲ್ಲಿ ಕೇಳಿಕೊಂಡದ್ದಕ್ಕೇ ಹೂವು ಎಂದು ನಮ್ಮ ಕಡೆ ನಂಬಿಕೆ. ನಿನ್ನೆ ಅತ್ತೆ ಮೊದಲನೇ ಸಲ ಮದುವೆಯ ಮಾತು ಕೇಳುತ್ತಿದ್ದಾಗ ನನ್ನ ಮನಸ್ಸು ಅಲ್ಲಿ ನಿಲ್ಲಲಿಲ್ಲ. ಯಶು ನನ್ನ ಹತ್ತಿರವೇ ಇರ್ತಾಳಾ ತಾಯಿ ಎಂದು ಕೇಳಿಕೊಂಡುಬಿಟ್ಟೆ. ಬಲಗಡೆ ಹೂವು ಬಿದ್ದದ್ದು ಅದಕ್ಕೆ. ಕೇಳಿದ್ದನ್ನೇ ಮತ್ತೆ ಕೇಳಿದ್ದಕ್ಕೆ ಎರಡನೇ ಸಲ ಅವಳು ಸುಮ್ಮನಾದಳೋ ಏನೋ. ಮದುವೆ ಆಗಲಾ ಬೇಡವಾ ಎಂದು ನಿನ್ನೆ ಅಮ್ಮನನ್ನು ಯಾರೂ ಕೇಳೇ ಇಲ್ಲ, ಮೇಡಂ.